ಬಿತ್ತನೆಯ ಬೀಜವೂ ವಂಶಗುಣವೂ

ಬೆಂಗಳೂರಿನಿಂದ ರೈಲಿನಲ್ಲಿ ಹೊರಟು ಅರಸೀಕೆರೆಯನ್ನು ದಾಟಿದವರಿಗೆ ಕಡೂರು ಸೀಮೆಯ ಪರಿಚಯವು ಮೊದಲು ಆಗುವುದು ತೆಂಗಿನ ತೋಟಗಳಿಂದ. ಬೀರೂರಿನಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ ಸಾಗುವುದು. ಇನ್ನೊಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ. ಈ ಮೂರು ಊರುಗಳ ನಡುವಣ ದೂರ ಹೆಚ್ಚಿನದಲ್ಲ. ಆದರೂ ಬೆಳೆಗಳ ವೈವಿಧ್ಯವು ಅಚ್ಚರಿಗೊಳಿಸುವಷ್ಟಿದೆ. ಕಡೂರಿನ ಬಯಲಿನಲ್ಲಿ ರಾಗಿ, ತೆಂಗು. ಅಜ್ಜಂಪುರದ ಕಡೆಗೆ ಈರುಳ್ಳಿ. ತರೀಕೆರೆಯ ಕಡೆಗೆ ಅಡಕೆ. ಇವೆಲ್ಲವುಗಳ ಮೇಲೆ ಬಾಬಾಬುಡನ್ ಗಿರಿಶ್ರೇಣಿಯ ಕಾಫಿ. ಇಂದು ಚಿಕ್ಕಮಗಳೂರಿನ ಹೆಸರಿನಿಂದ ನಡೆಯುವ ಈ ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು.

ಇಷ್ಟು ಬೆಳೆಗಳನ್ನು ಬೆಳೆಯುವ ರೈತನಿಗೆ ಪ್ರತಿ ಸುಗ್ಗಿಯಲ್ಲಿಯೂ ಒಂದು ಪ್ರಶ್ನೆ ಎದುರಾಗುತ್ತದೆ. ಮುಂದಿನ ವರ್ಷದ ಬಿತ್ತನೆಗೆ ತನ್ನ ಬೆಳೆಯಿಂದಲೇ ಬೀಜವನ್ನು ಎತ್ತಿಡಬಹುದೆ, ಅಥವಾ ಹಣ ಕೊಟ್ಟು ಹೊರಗಿನಿಂದ ತರಬೇಕೆ? ರಾಗಿಗೆ ಒಂದು ಉತ್ತರ, ಮುಸುಕಿನ ಜೋಳಕ್ಕೆ ಇನ್ನೊಂದು, ತೆಂಗಿಗೆ ಮತ್ತೊಂದು. ಈ ಉತ್ತರಗಳು ಏಕೆ ಬೇರೆಯಾಗುತ್ತವೆ ಎಂಬುದನ್ನು ತಿಳಿಸುವುದೇ ಸಸ್ಯಗಳ ಅನುವಂಶೀಯತೆಯ ಶಾಸ್ತ್ರ. ಪಟ್ಟಣವಾಸಿಗಳಾದ ನಮಗೆ ಬಿತ್ತನೆಯ ಚಿಂತೆ ಇಲ್ಲದಿರಬಹುದು. ಆದರೆ ನಾವು ಉಣ್ಣುವ ಮುದ್ದೆಯೂ ಕುಡಿಯುವ ಕಾಫಿಯೂ ಈ ಉತ್ತರಗಳನ್ನೇ ಅವಲಂಬಿಸಿವೆ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತೋಟಗಾರನು ತೆಂಗಿನ ಸಸಿಗಾಗಿ ಕಾಯಿಯನ್ನು ಆರಿಸುವಾಗ ಈ ಗಾದೆಯನ್ನೇ ಶಾಸ್ತ್ರವೆಂದು ಭಾವಿಸುತ್ತಾನೆ. ಊರಿಗೇ ಹೆಸರಾದ ಮರ, ಗೊನೆ ತುಂಬಿದ ಮರ, ಅದರ ಕಾಯಿಯನ್ನು ಕೇಳಿ ತಂದು ನೆಡುತ್ತಾನೆ. ಏಳೆಂಟು ವರ್ಷ ನೀರೆರೆದ ಮೇಲೆ ನೋಡಿದರೆ ಹತ್ತು ಸಸಿಗಳು ಹತ್ತು ಬಗೆಯಾಗಿ ಬೆಳೆದಿರುತ್ತವೆ. ಒಂದೆರಡು ತಾಯಿಯನ್ನು ಹೋಲಬಹುದು, ಕೆಲವು ಗೊಡ್ಡಿಗಿಂತ ವಾಸಿ ಎನ್ನುವಂತೆ ಇರಬಹುದು. ಆಗ ಕಾಯಿ ಕೊಟ್ಟವನ ಮೇಲೆ ಸಂಶಯ, ನೆಲದ ಮೇಲೆ ದೂರು. ವಿಚಿತ್ರವೇನೆಂದರೆ, ಇದೇ ಸೀಮೆಯ ಅಜ್ಜಂಪುರದಲ್ಲಿ ಅಮೃತಮಹಲ್ ರಾಸುಗಳ ತಳಿ ಸಂವರ್ಧನಾ ಕೇಂದ್ರವಿದೆ. ಅಲ್ಲಿನ ಕರುವನ್ನು ನೋಡಿದ ಯಾವ ರೈತನೂ ತಾಯಿ ಯಾವುದೆಂದು ಮಾತ್ರ ಕೇಳಿ ಸುಮ್ಮನಾಗುವುದಿಲ್ಲ. ಹೋರಿ ಯಾವುದೆಂದು ಕೇಳಿಯೇ ಕೇಳುತ್ತಾನೆ. ದನದ ವಿಷಯದಲ್ಲಿ ಇಷ್ಟು ಎಚ್ಚರವಿರುವವನು ತೆಂಗಿನ ವಿಷಯದಲ್ಲಿ ತಂದೆಯನ್ನು ಮರೆಯುವನು. ಮರಕ್ಕೆ ತಂದೆಯೊಂದು ಇದೆಯೆಂಬುದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ಕಾರಣ.

ಈಗ ಮೂಲತತ್ತ್ವಕ್ಕೆ ಬರೋಣ. ಪಾಠಪುಸ್ತಕಗಳಲ್ಲಿ ಇದನ್ನು ಬಟಾಣಿಯ ಮೂಲಕ ವಿವರಿಸುವುದು ವಾಡಿಕೆ. ನಾವು ಕಡೂರಿನ ಹೊಲದ ರಾಗಿಯನ್ನೇ ತೆಗೆದುಕೊಳ್ಳೋಣ. ರಾಗಿಯ ಪೈರುಗಳಲ್ಲಿ ಹಸುರಾದವು ಕೆಲವು. ಗೆಣ್ಣುಗಳಲ್ಲಿಯೂ ತೆನೆಯಲ್ಲಿಯೂ ನೇರಳೆ ಛಾಯೆಯುಳ್ಳವು ಕೆಲವು. ಕೊಯಮತ್ತೂರಿನಲ್ಲಿ ಜಿ. ಎನ್. ರಂಗಸ್ವಾಮಿ ಅಯ್ಯಂಗಾರ್ಯರು 1930ರ ದಶಕದ ಆದಿಯಲ್ಲಿ ಈ ಬಣ್ಣದ ಅನುವಂಶೀಯತೆಯನ್ನು ಪರೀಕ್ಷಿಸಿದರು. ಅಚ್ಚ ಹಸುರಿನ ಗಿಡಕ್ಕೆ ಅಚ್ಚ ನೇರಳೆಯ ಗಿಡದ ಪರಾಗವನ್ನು ಸೇರಿಸಿದರೆ ಹುಟ್ಟುವ ಸಂತಾನವು ನೇರಳೆಯೇ. ಹಸುರು ಅಳಿದುಹೋಯಿತೆಂದು ತೋರುತ್ತದೆ. ಆದರೆ ಆ ನೇರಳೆ ಗಿಡಗಳ ಬೀಜವನ್ನೇ ಬಿತ್ತಿದರೆ ಮಾರನೆಯ ತಲೆಮಾರಿನಲ್ಲಿ ಹಸುರು ಮತ್ತೆ ಕಾಣಿಸಿಕೊಳ್ಳುತ್ತದೆ; ಸರಳವಾದ ಸಂದರ್ಭಗಳಲ್ಲಿ ಸುಮಾರು ಮೂರು ನೇರಳೆಗೆ ಒಂದು ಹಸುರಿನಂತೆ.

ಇದಕ್ಕೆ ಅರ್ಥವೇನು? ಪ್ರತಿಯೊಂದು ಗುಣಕ್ಕೂ ಗಿಡವು ಎರಡೆರಡು ಗುಣವಾಹಕಗಳನ್ನು ಹೊಂದಿರುತ್ತದೆ: ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ ಬಂದದ್ದು. ಇವನ್ನೇ ಈಗ ಎಲ್ಲರೂ ಜೀನ್ ಎಂದು ಕರೆಯುವರು. ಗಿಡವು ತನ್ನ ಸಂತಾನಕ್ಕೆ ಕೊಡುವಾಗ ಎರಡನ್ನೂ ಕೊಡದು. ಎರಡರಲ್ಲಿ ಒಂದನ್ನು ಮಾತ್ರ ಕೊಡುವುದು, ಯಾವುದೆಂಬುದು ಕವಡೆ ಬಿದ್ದಂತೆ. ನೇರಳೆಯ ವಾಹಕವೂ ಹಸುರಿನ ವಾಹಕವೂ ಒಂದೇ ಗಿಡದಲ್ಲಿ ಸೇರಿದಾಗ ನೇರಳೆ ತೋರುವುದು, ಹಸುರು ಅಡಗಿರುವುದು. ಆದಕಾರಣ ಮೊದಲನೆಯದನ್ನು ಪ್ರಬಲವೆಂದೂ ಎರಡನೆಯದನ್ನು ದುರ್ಬಲವೆಂದೂ ಹೇಳುತ್ತೇವೆ. ದುರ್ಬಲವೆಂದರೆ ಕೆಟ್ಟದ್ದೆಂದು ಯಾರೂ ತಿಳಿಯಬಾರದು. ಬಲಿಷ್ಠ ಜೊತೆಗಾರನ ಮುಂದೆ ಬಾಯಿ ಬಿಡದು, ಅಷ್ಟೆ. ಅಡಗಿದ್ದ ವಾಹಕವು ಮಾಸುವುದಿಲ್ಲ, ನೇರಳೆಯೊಡನೆ ಬೆರೆತು ಮಸುಕಾಗುವುದೂ ಇಲ್ಲ. ಅದು ಹಾಲಿಗೆ ನೀರು ಬೆರೆಸಿದಂತಲ್ಲ, ರಾಗಿಯ ಜೊತೆ ಅವರೆಯನ್ನು ಚೀಲಕ್ಕೆ ಹಾಕಿದಂತೆ. ಕೇರಿದರೆ ಎರಡೂ ಬೇರೆಯಾಗಿ ಸಿಕ್ಕುತ್ತವೆ.

ಈ ತತ್ತ್ವವನ್ನು ಮೊದಲು ಕಂಡವನು ಬ್ರನೋ ನಗರದ ಮಠದಲ್ಲಿದ್ದ ಗ್ರೆಗರ್ ಮೆಂಡಲ್ (1822–1884). ಅವನು ಬಟಾಣಿಯಲ್ಲಿ ಎರಡನೆಯ ತಲೆಮಾರಿನ 7,324 ಕಾಳುಗಳನ್ನು ಎಣಿಸಿದನು. ದುಂಡನೆಯವು 5,474; ಸುಕ್ಕುಗಟ್ಟಿದವು 1,850. ಭಾಗಿಸಿ ನೋಡಿದರೆ ಮೂರಕ್ಕೆ ತೀರ ಹತ್ತಿರ. 1865ರಲ್ಲಿ ಓದಿ 1866ರಲ್ಲಿ ಅಚ್ಚಾದ ಅವನ ಲೇಖನವನ್ನು ವಿದ್ವಾಂಸರು 1900ರವರೆಗೆ ಬಹುಮಟ್ಟಿಗೆ ಗಮನಿಸಲಿಲ್ಲ. ತೋಟದಲ್ಲಿ ಕುಳಿತು ಕಾಳೆಣಿಸುವ ಸನ್ಯಾಸಿಯ ಮಾತಿಗೆ ಕಿವಿಗೊಡುವಷ್ಟು ಪುರುಸೊತ್ತು ಆ ಕಾಲಕ್ಕೆ ಇರಲಿಲ್ಲವೆಂದು ಕಾಣುತ್ತದೆ.

ಇನ್ನು ನಮ್ಮ ಪ್ರಶ್ನೆಗೆ ಹಿಂದಿರುಗೋಣ. ರಾಗಿಯ ಹೂವು ಬಹು ಸೂಕ್ಷ್ಮವಾದುದು. ನಸುಕಿಗೆ ಮೊದಲೇ ಅರಳಿ ತನ್ನ ಪರಾಗದಿಂದಲೇ ತಾನು ಕಾಳು ಕಟ್ಟುತ್ತದೆ. ಪರಕೀಯ ಪರಾಗವು ಸೇರುವುದು ನೂರಕ್ಕೆ ಒಂದರ ಆಸುಪಾಸು. ಹೀಗೆ ತನ್ನೊಳಗೇ ಸಂತಾನವನ್ನು ಪಡೆಯುವ ಗಿಡದಲ್ಲಿ ಬೆರಕೆಯು ಪ್ರತಿ ತಲೆಮಾರಿಗೂ ಅರ್ಧಕ್ಕಿಳಿಯುತ್ತದೆ. ನೇರಳೆ ಮತ್ತು ಹಸುರಿನ ಬೆರಕೆ ಗಿಡವು ತನ್ನ ಬೀಜದಿಂದ ಕೊಡುವ ಮಕ್ಕಳಲ್ಲಿ ಅರ್ಧ ಮಾತ್ರ ಬೆರಕೆ; ಮೊಮ್ಮಕ್ಕಳಲ್ಲಿ ಕಾಲು ಭಾಗ; ಮರಿಮಕ್ಕಳಲ್ಲಿ ಎಂಟನೆಯ ಒಂದು ಭಾಗ. ಏಳು ತಲೆಮಾರು ಕಳೆದಾಗ ಉಳಿಯುವುದು 128ರಲ್ಲಿ ಒಂದು. ಏಳು ತಲೆಮಾರಿನ ಲೆಕ್ಕವನ್ನು ನಮ್ಮ ಹಿರಿಯರು ಬೇರೆ ಕಾರಣಕ್ಕೆ ಹಾಕುತ್ತಿದ್ದರಾದರೂ ಇಲ್ಲಿಯೂ ಅದು ಚೆನ್ನಾಗಿಯೇ ಒಪ್ಪುತ್ತದೆ. ಆದ್ದರಿಂದ ನೆಲೆಗೊಂಡ ತಳಿಯ ರಾಗಿಯನ್ನು, ಬೇರೆ ತಳಿಯ ಕಾಳು ಬೆರೆಯದಂತೆ ಕಾಪಾಡಿಕೊಂಡರೆ, ಮನೆಯ ಬೀಜದಿಂದಲೇ ಅನೇಕ ವರ್ಷ ಬಿತ್ತಬಹುದು.

ಹಾಗಾದರೆ ರಾಗಿಯಲ್ಲಿ ಹೊಸ ತಳಿ ಬರುವುದು ಹೇಗೆ? ತಾನಾಗಿ ಬೆರೆಯದ ಗಿಡಗಳನ್ನು ಮನುಷ್ಯನು ಬೆರೆಸಬೇಕು. ಅಷ್ಟು ಚಿಕ್ಕ ಹೂವಿನ ಕೇಸರಗಳನ್ನು ಕಿತ್ತುಹಾಕುವುದು ದುಸ್ಸಾಧ್ಯ. ಆದಕಾರಣ ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ ಚೀಲ ಮುಚ್ಚಿ ಬಿಡುವ ಉಪಾಯವಿದೆ. ತಾಯಿಯಾಗಿ ಹಸುರು ಗಿಡವನ್ನೂ ತಂದೆಯಾಗಿ ನೇರಳೆಯದನ್ನೂ ಆರಿಸುವರು. ತಾಯಿಯ ಕಾಳನ್ನು ಬಿತ್ತಿದಾಗ ಸಾವಿರಾರು ಹಸುರು ಪೈರಿನ ನಡುವೆ ಎಲ್ಲೋ ಒಂದು ನೇರಳೆ ಕಂಡರೆ ಅದೇ ನಿಜವಾದ ಸಂಕರ. ಪ್ರಬಲ ಗುಣವು ತಂದೆಯ ಸಾಕ್ಷಿಯಾಗಿ ನಿಲ್ಲುತ್ತದೆ. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಪ್ರಸಿದ್ಧರಾದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಹೀಗೆ ಕೂಡಿಸಿ ಇಂಡಾಫ್ ತಳಿಗಳನ್ನು ಪಡೆದರು. ಆಫ್ರಿಕದ ತೆನೆಯ ತೂಕ, ನಮ್ಮ ರಾಗಿಯ ನೆಲದ ಒಗ್ಗಿಕೆ, ಎರಡೂ ಒಂದೇ ಪೈರಿನಲ್ಲಿ ಬಂದವು. ಬೆಂಕಿ ರೋಗವನ್ನು ತಡೆಯುವುದಕ್ಕೆ ಹೆಸರಾದ ಜಿ. ಪಿ. ಯು. 28 ಎಂಬ ತಳಿಯ ವಂಶವೃಕ್ಷದಲ್ಲಿಯೂ ಇಂಡಾಫ್ ಇದೆ. ಇವು ಹುಟ್ಟಿನಿಂದ ಸಂಕರವಾದರೂ ಹಲವು ತಲೆಮಾರು ಆಯ್ದು ನೆಲೆಗೊಳಿಸಿದವು. ಅಂಗಡಿಯಲ್ಲಿ ಮಾರುವ ಹೈಬ್ರಿಡ್ ಎಂಬುದು ಬೇರೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಬಹಳ ಗೊಂದಲವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗೊಬ್ಬರದ ಗುಂಡಿಯ ಅಂಚಿನಲ್ಲಿ ಬೆಳೆದ ರಾಗಿಯ ತೆನೆ ಎಲ್ಲಕ್ಕಿಂತ ದಪ್ಪನಾಗಿರುವುದು ಸರಿಯಷ್ಟೆ. ಅದನ್ನೇ ಬೀಜಕ್ಕೆ ಎತ್ತಿಟ್ಟರೆ ಮುಂದಿನ ಬೆಳೆ ದಪ್ಪವಾದೀತೆ? ಡೆನ್ಮಾರ್ಕಿನ ಯೋಹಾನ್ಸೆನ್ ಎಂಬಾತನು 1903ರಲ್ಲಿ ಹುರುಳಿಕಾಯಿಯ ಬೀಜಗಳಿಂದ ಇದಕ್ಕೆ ಉತ್ತರ ಕೊಟ್ಟನು. ಒಂದೇ ಶುದ್ಧ ವಂಶದ ಬೀಜಗಳಲ್ಲಿ ದೊಡ್ಡವನ್ನು ಬಿತ್ತಿದರೂ ಚಿಕ್ಕವನ್ನು ಬಿತ್ತಿದರೂ ಫಲ ಒಂದೇ ಆಯಿತು. ಗೊಬ್ಬರವು ಕೊಟ್ಟ ದಪ್ಪವು ಆ ಗಿಡದೊಡನೆ ಮುಗಿಯಿತು; ವಾಹಕಗಳಲ್ಲಿ ಅದರ ಗುರುತಿಲ್ಲ. ಜೊಳ್ಳನ್ನು ಬಿಟ್ಟು ಗಟ್ಟಿಕಾಳನ್ನು ಆರಿಸುವುದು ಮೊಳಕೆಯ ಬಲಕ್ಕೆ ಒಳ್ಳೆಯದೇ. ಅದರಿಂದ ತಳಿ ಸುಧಾರಿಸಿತೆಂದು ಮಾತ್ರ ಭ್ರಮಿಸಬಾರದು.

ಅಜ್ಜಂಪುರದ ಈರುಳ್ಳಿಯ ರೀತಿಯೇ ಬೇರೆ. ಅದರ ಹೂವಿನಲ್ಲಿ ಪರಾಗವು ಮೊದಲು ಉದುರಿ, ಹೆಣ್ಣು ಭಾಗವು ಆಮೇಲೆ ಪಕ್ವವಾಗುವುದರಿಂದ ಜೇನುಹುಳು ಮುಂತಾದ ಕೀಟಗಳು ಬೇರೆ ಹೂವಿನ ಪರಾಗವನ್ನು ತರಬೇಕು. ಕೆಂಪು ಈರುಳ್ಳಿಯ ಬೀಜಕ್ಕೆ ನಿಲ್ಲಿಸಿದ ಹೊಲದ ಬಳಿಯಲ್ಲಿ ಬಿಳಿಯದು ಹೂಬಿಟ್ಟರೆ ಜೇನು ಬೇಲಿಯನ್ನು ಲೆಕ್ಕಿಸುವುದಿಲ್ಲ. ಬೀಜವನ್ನು ತಾವೇ ಪಡೆಯುವವರು ಅಕ್ಕಪಕ್ಕದವರೊಡನೆ ಮಾತಾಡಿಕೊಂಡೇ ಮಾಡಬೇಕು. ಮುಸುಕಿನ ಜೋಳದಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ. ಅದರ ಹೈಬ್ರಿಡ್ ಬೀಜವು ಎರಡು ಶುದ್ಧ ವಂಶಗಳ ಮೊದಲ ತಲೆಮಾರು. ಎಲ್ಲವೂ ಒಂದೇ ಎತ್ತರ, ಒಂದೇ ಹುರುಪು. ಅದರ ಕಾಳನ್ನು ಮತ್ತೆ ಬಿತ್ತಿದರೆ ನಮ್ಮ ನೇರಳೆ ರಾಗಿಯಲ್ಲಿ ಆದಂತೆ ಗುಣಗಳು ಬೇರ್ಪಟ್ಟು ಏರುಪೇರಾಗಿ, ಇಳುವರಿ ಕುಗ್ಗುತ್ತದೆ. ಬೀಜದ ವ್ಯಾಪಾರಿಯ ಲಾಭ ಇದರಲ್ಲಿ ಇಲ್ಲವೆಂದು ಹೇಳುವಂತಿಲ್ಲ; ಆದರೆ ಕುಗ್ಗುವುದು ಅವನ ಮಾಟದಿಂದಲ್ಲ.

ಗಿರಿಯ ಮೇಲಿನ ಕಾಫಿಯ ಬಗೆಗೆ ಎರಡೇ ಮಾತು. ಅರೇಬಿಕವು ರಾಗಿಯಂತೆ ಬಹುಮಟ್ಟಿಗೆ ಸ್ವಪರಾಗದ್ದು; ಆದುದರಿಂದಲೇ ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರವು ಬೆರೆಸಿ ಆಯ್ದು 1940ರ ದಶಕದಲ್ಲಿ ಕೊಟ್ಟ ಎಸ್. 795 ಬೀಜದಿಂದಲೇ ಹರಡಿತು. ರೊಬಸ್ಟವು ತನ್ನ ಪರಾಗವನ್ನು ತಾನೇ ಒಪ್ಪದು. ಅದರ ಬೀಜದ ಸಸಿಗಳು ಒಂದರಂತೆ ಒಂದಿರುವುದಿಲ್ಲ.

ಇನ್ನು ತೆಂಗು. ಎತ್ತರದ ತೆಂಗಿನ ಹೊಂಬಾಳೆ ಒಡೆದಾಗ ಗಂಡು ಹೂಗಳು ಮೊದಲು ಅರಳಿ ಸುಮಾರು ಮೂರು ವಾರಗಳಲ್ಲಿ ಉದುರಿಹೋಗುತ್ತವೆ. ಗುಂಡಗಿನ ಹೆಣ್ಣು ಹೂಗಳು ಸಾಮಾನ್ಯವಾಗಿ ಆಮೇಲೆ ಪರಾಗಕ್ಕೆ ಸಿದ್ಧವಾಗುವುವು. ಹೀಗಾಗಿ ಪರಾಗವು ಹೆಚ್ಚಾಗಿ ಬೇರೆ ಮರದಿಂದ, ಗಾಳಿಯ ಅಥವಾ ಜೇನಿನ ಮೂಲಕ ಬರುತ್ತದೆ. ನಾವು ಕೈಯಲ್ಲಿ ಹಿಡಿದು ತೂಗಿ ನೋಡುವ ಕಾಯಿಯ ಸಿಪ್ಪೆ ಕರಟಗಳು ಪೂರ್ತಿ ತಾಯಿಯ ಒಡಲಿನವು. ಅದರೊಳಗಣ ಮೊಳಕೆಯಲ್ಲಿ ಮಾತ್ರ ಇಬ್ಬರ ಪಾಲೂ ಉಂಟು. ಕಾಯಿಯ ಅಂದವನ್ನು ನೋಡಿ ಸಸಿಯನ್ನು ತೀರ್ಮಾನಿಸುವುದು ಲಕೋಟೆಯನ್ನು ನೋಡಿ ಕಾಗದವನ್ನು ಓದಿದಂತೆ. ತಂದೆಯಾದದ್ದು ಪಕ್ಕದ ತೋಟದ ಬಡಮರವೂ ಆಗಿರಬಹುದು. ಅಲ್ಲದೆ ತಾಯಿಯೂ ಬೆರಕೆಯೇ. ಅದು ತನ್ನ ವಾಹಕಗಳಲ್ಲಿ ಅರ್ಧವನ್ನು ಒಂದು ಕಾಯಿಗೊಂದು ರೀತಿಯಾಗಿ ಹಂಚುತ್ತದೆ. ಇಳುವರಿ ಎಂಬುದಂತೂ ರಾಗಿಯ ನೇರಳೆಯಂತೆ ಒಂದೆರಡು ಜೋಡಿ ವಾಹಕಗಳ ಕೆಲಸವಲ್ಲ. ಅನೇಕ ಜೋಡಿಗಳು ಕೂಡಿ ನಿರ್ಣಯಿಸುವ ಗುಣ. ರಾಗಿಯಂತೆ ಏಳು ತಲೆಮಾರು ಸ್ವಪರಾಗದಿಂದ ನೆಲೆಗೊಳಿಸೋಣವೆಂದರೆ ಒಂದೊಂದು ತಲೆಮಾರಿಗೂ ಏಳು ವರ್ಷ. ಅರ್ಧ ಶತಮಾನ ಕಾಯುವ ತೋಟಗಾರನೆಲ್ಲಿ?

ಹಾಗೆಂದು ಕೈಕಟ್ಟಿ ಕೂಡಬೇಕಾದುದಿಲ್ಲ. ಗಿಡ್ಡ ತೆಂಗು ಎತ್ತರದ್ದಕ್ಕೆ ವಿರುದ್ಧವಾಗಿ ಬಹುಮಟ್ಟಿಗೆ ಸ್ವಪರಾಗದ್ದು. ಈ ಎರಡನ್ನೂ ಕೂಡಿಸುವ ಪ್ರಯೋಗವನ್ನು 1930ರ ದಶಕದಲ್ಲಿ ಕಾಸರಗೋಡಿನ ದಕ್ಷಿಣಕ್ಕಿರುವ ನೀಲೇಶ್ವರದಲ್ಲಿ ಜೆ. ಎಸ್. ಪಟೇಲರು ನಡೆಸಿದರು. ಅವುಗಳ ಸಂತಾನವು ಬೇಗ ಫಲಕ್ಕೆ ಬರುತ್ತದೆ. ಕಿತ್ತಳೆ ಬಣ್ಣದ ಗಿಡ್ಡ ತೆಂಗು ತಾಯಿಯಾದಾಗ ಸಸಿಯನ್ನು ಕೊಳ್ಳುವವರಿಗೆ ಒಂದು ಸುಲಭ ಪರೀಕ್ಷೆಯೂ ಇದೆ. ಮೊಳಕೆಯ ಎಲೆದಂಟು ಕಿತ್ತಳೆಯಾಗಿದ್ದರೆ ಅದು ತಾಯಿಯ ಸ್ವಂತ ಪರಾಗದ್ದು. ಕಂದು ಅಥವಾ ಹಸುರು ಛಾಯೆ ಇದ್ದರೆ ತಂದೆ ಎತ್ತರದ ಮರ. ರಾಗಿಯ ನೇರಳೆ ಹೇಳಿದ ಸಾಕ್ಷಿಯನ್ನೇ ಇಲ್ಲಿ ಕಂದು ಬಣ್ಣವು ಹೇಳುತ್ತದೆ. ಸಂಕರದ ಬೆಲೆ ತೆತ್ತು ಕಿತ್ತಳೆ ದಂಟಿನ ಸಸಿಯನ್ನು ಮನೆಗೆ ತರುವುದು ಬೇಡ. ಆದರೆ ಇಂಥ ಸಂಕರದ ಕಾಯಿಯನ್ನು ಮತ್ತೆ ಸಸಿಗೆ ಬಳಸಬಾರದು. ಮುಸುಕಿನ ಜೋಳದ ಕಥೆಯೇ ಅಲ್ಲಿಯೂ.

ಎತ್ತರದ ತೆಂಗನ್ನೇ ಬಯಸುವವರು ಇಪ್ಪತ್ತು ವರ್ಷ ದಾಟಿದ, ವರ್ಷಕ್ಕೆ 80ಕ್ಕಿಂತ ಹೆಚ್ಚು ಕಾಯಿಯನ್ನು ತಪ್ಪದೆ ಕೊಡುವ ಮರವನ್ನು ಆರಿಸಲಿ. ಅದು ಗೊಬ್ಬರದ ಗುಂಡಿಯ ಬಳಿಯದೋ ಬಚ್ಚಲ ನೀರು ಹರಿಯುವಲ್ಲಿಯದೋ ಆಗದಿರಲಿ. ಸುತ್ತಲಿನ ಮರಗಳೂ ಒಳ್ಳೆಯವಾಗಿರಲಿ, ಏಕೆಂದರೆ ತಂದೆ ಅವುಗಳಲ್ಲಿಯೇ ಇರುವುದು. ಕೆಲವು ಮರಗಳು ತಂದೆ ಯಾವುದೇ ಆದರೂ ಒಳ್ಳೆಯ ಸಂತಾನವನ್ನೇ ಕೊಡುವುದುಂಟು. ಅಂಥ ಮರವನ್ನು ಹೊರನೋಟದಿಂದ ಗುರುತಿಸಲಾಗದು. ಒಂದೊಂದು ಮರದ ಕಾಯಿಗಳನ್ನೂ ಬೇರೆ ಬೇರೆ ಸಾಲಿನಲ್ಲಿ ಮೊಳೆಯಿಸಿ, ಸಸಿಗಳ ಹುರುಪನ್ನು ಹೋಲಿಸಿ ನೋಡಬೇಕು. ಇದಕ್ಕೆ ಪ್ರಯೋಗಶಾಲೆ ಬೇಡ. ಮರದ ಕಾಂಡದ ಮೇಲೆ ಒಂದು ಅಂಕಿ, ಸಾಲಿನ ತುದಿಯಲ್ಲಿ ಅದೇ ಅಂಕಿಯ ಗೂಟ, ಮನೆಯಲ್ಲಿ ಒಂದು ಲೆಕ್ಕದ ಪುಸ್ತಕ, ಇಷ್ಟು ಸಾಕು.