ಮರ ಕಡಿಯಲು ಅನುಮತಿ ಏಕೆ ಬೇಕು? – ಗ್ರಾಮ ಪಂಚಾಯಿತಿ ಸದಸ್ಯರ ಗಮನಕ್ಕೆ

ನಂಜನಗೂಡು ಮತ್ತು ಟಿ. ನರಸೀಪುರ ಪಟ್ಟಣಗಳ ಅಂಚಿನ ಗ್ರಾಮಗಳಲ್ಲಿ ಬಡಾವಣೆ, ರಸ್ತೆ ಅಗಲೀಕರಣ ಹಾಗೂ ಚರಂಡಿ ಕಾಮಗಾರಿಗಳು ಹೆಚ್ಚುತ್ತಿವೆ. ಕಾಮಗಾರಿಗೆ ಅಡ್ಡ ಬರುವ ಮರವನ್ನು ತೆಗೆಯಲು ಗ್ರಾಮ ಪಂಚಾಯಿತಿಯ ನಿರ್ಣಯವೊಂದೇ ಸಾಕು ಎಂಬ ಭಾವನೆ ಕೆಲವೆಡೆ ಇದೆ. ಇದು ಸರಿಯಲ್ಲ. ನಿರ್ಣಯವು ಅರ್ಜಿಗೆ ಆಧಾರವಾಗಬಹುದೇ ಹೊರತು ಅನುಮತಿಯಾಗಲಾರದು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ 8ನೇ ಪ್ರಕರಣದ ಪ್ರಕಾರ ವೃಕ್ಷ ಅಧಿಕಾರಿಯ ಪೂರ್ವಾನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಮರವು ಖಾಸಗಿ ಜಮೀನಿನಲ್ಲಿದ್ದರೂ ಈ ನಿಯಮ ಅನ್ವಯಿಸುತ್ತದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಲ್ಲಂಘನೆಯು ಶಿಕ್ಷಾರ್ಹ ಅಪರಾಧವಾಗಿರುತ್ತದೆ.

ಈ ಕಾನೂನು ರೈತರಿಗೆ ಅಥವಾ ಅಭಿವೃದ್ಧಿಗೆ ವಿರುದ್ಧವಾದುದಲ್ಲ. ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಉರುಳಿದ ಮರ, ಜೀವಕ್ಕೆ ಇಲ್ಲವೇ ಆಸ್ತಿಗೆ ಅಪಾಯ ತರುವ ಮರ, ಸಂಚಾರಕ್ಕೆ ಅಡ್ಡಿಯಾದ ಮರ ಇವುಗಳಿಗೆ ಅನುಮತಿ ನಿರಾಕರಿಸುವಂತಿಲ್ಲ. ಗ್ರಾಮಾಂತರ ಪ್ರದೇಶದಲ್ಲಿ ಸೌದೆ, ಮೇವು, ವ್ಯವಸಾಯದ ಉಪಕರಣಗಳಂತಹ ನೈಜ ಗೃಹಬಳಕೆಗೂ ಇದೇ ರಿಯಾಯಿತಿ ಇದೆ. ಆದರೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು ಅಗತ್ಯ.

ನಿಯಂತ್ರಣದ ಅಗತ್ಯವೇನು?

ಮರವನ್ನು ಕಡಿಯಲು ಒಂದು ಗಂಟೆ ಸಾಕು. ಸಾಲುಮರವೊಂದು ನೆರಳು ಕೊಡುವಷ್ಟು ಬೆಳೆಯಲು ಒಂದು ತಲೆಮಾರು ಬೇಕು. ಲಾಭ ಒಬ್ಬರಿಗಾದರೂ ನಷ್ಟ ಇಡೀ ಊರಿಗೆ. ಬಸ್ಸಿಗೆ ಕಾಯುವವರು, ಸಂತೆಯ ವ್ಯಾಪಾರಿಗಳು, ಶಾಲಾ ಮಕ್ಕಳು ಬಿಸಿಲಿಗೆ ಬೀಳುತ್ತಾರೆ. ಆದ್ದರಿಂದಲೇ ಕಡಿಯುವ ಮುನ್ನ ಮೂರನೆಯವರೊಬ್ಬರು ಸ್ಥಳ ಪರಿಶೀಲಿಸಬೇಕೆಂದು ಕಾನೂನು ವಿಧಿಸಿದೆ.

2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಪ್ರದೇಶಗಳು ಜಲಾವೃತವಾದುದನ್ನು ಸದಸ್ಯರು ಬಲ್ಲರು. ಅಂತಹ ಪ್ರವಾಹವನ್ನು ಮರಗಳು ತಡೆಯಲಾರವು. ಆದರೆ ಕಪಿಲಾ, ಕಾವೇರಿ ದಡದ ಹೊಂಗೆ, ಹೊಳೆಮತ್ತಿಗಳ ಬೇರುಗಳು ಮಣ್ಣು ಕೊಚ್ಚಿಹೋಗುವುದನ್ನು ತಗ್ಗಿಸುತ್ತವೆ.

2025ರ ಏಪ್ರಿಲ್‌ನಲ್ಲಿ ಮೈಸೂರು ನಗರದ ಹೈದರಾಲಿ ರಸ್ತೆಯಲ್ಲಿ ವಿಸ್ತರಣೆಗಾಗಿ 40 ಮರಗಳನ್ನು ಕಡಿದಾಗ ನಾಗರಿಕರಿಂದ ತೀವ್ರ ವಿರೋಧ ವ್ಯಕ್ತವಾಯಿತು. ಜನರ ಅಭಿಪ್ರಾಯವನ್ನು ಮೊದಲೇ ಆಲಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಇದು ನಿದರ್ಶನ. ಗ್ರಾಮಗಳಿಗೆ ಗ್ರಾಮಸಭೆ ಎಂಬ ವೇದಿಕೆ ಈಗಾಗಲೇ ಇದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಕಾಮಗಾರಿಯ ಅಂದಾಜು ಪಟ್ಟಿ ತಯಾರಿಸುವ ಹಂತದಲ್ಲೇ ಮರಗಳನ್ನು ನಕ್ಷೆಯಲ್ಲಿ ಗುರುತಿಸತಕ್ಕದ್ದು. ಚರಂಡಿಯ ಜಾಡನ್ನು ಕೆಲವು ಅಡಿ ಸರಿಸಿದರೆ ಎಷ್ಟೋ ಮರಗಳು ಉಳಿಯುತ್ತವೆ. ಕಾರ್ಯಾದೇಶ ನೀಡಿದ ನಂತರ ಈ ಅವಕಾಶ ಕಡಿಮೆ.

2. ಕಡಿಯುವುದು ಅನಿವಾರ್ಯವಾದಲ್ಲಿ ಮರದ ಜಾತಿ, ಸಂಖ್ಯೆ, ಸರ್ವೆ ನಂಬರ್ ಹಾಗೂ ಕಾರಣಗಳೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸುವುದು. ಮರ ನಿಂತ ಜಾಗ ಪಂಚಾಯಿತಿಯದೋ, ಲೋಕೋಪಯೋಗಿ ಇಲಾಖೆಯದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು.

3. ಕೊಂಬೆ ಸವರಿದರೆ ಅಪಾಯ ತಪ್ಪುವುದಾದರೆ ಇಡೀ ಮರವನ್ನು ಕಡಿಯಲು ಕೋರಬಾರದು. ಮುಂಗಾರಿಗೆ ಮುನ್ನ ಶಾಲೆ, ಅಂಗನವಾಡಿ ಸುತ್ತಲಿನ ಅಪಾಯಕಾರಿ ಕೊಂಬೆಗಳನ್ನು ಪಟ್ಟಿ ಮಾಡುವುದು ಸೂಕ್ತ.

4. ಕಾಂಡಕ್ಕೆ ತಾಗುವಂತೆ ಕಾಂಕ್ರೀಟ್ ಹಾಕಿದರೆ ಬೇರಿಗೆ ನೀರು, ಗಾಳಿ ದೊರೆಯದೆ ಮರ ನಿಧಾನವಾಗಿ ಸಾಯುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಯ ಮರಗಳ ಸುತ್ತ 1 ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆಗೆಯಲು ಆದೇಶಿಸಿತ್ತು. ಇಲ್ಲಿಯ ಕಾಮಗಾರಿಗಳಲ್ಲಿಯೂ ಇದೇ ಅಳತೆಯನ್ನು ಪಾಲಿಸುವುದು ಒಳಿತು.

5. ಬದಲಿ ಸಸಿ ನೆಡುವ ಷರತ್ತು ಕಾಗದದಲ್ಲಿ ಉಳಿಯಬಾರದು. ಬೇಲಿ, ಬೇಸಿಗೆಯ ನೀರು ಹಾಗೂ ಹೊಣೆಗಾರರ ಹೆಸರು ನಿರ್ಣಯದಲ್ಲಿಯೇ ದಾಖಲಾಗಬೇಕು.

ರಸ್ತೆ ಬದಿ ಹಾಗೂ ತನ್ನ ಅಧೀನದ ಸಾರ್ವಜನಿಕ ಜಮೀನಿನಲ್ಲಿ ಮರ ನೆಟ್ಟು ಸಂರಕ್ಷಿಸುವುದು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರನ್ವಯ ಗ್ರಾಮ ಪಂಚಾಯಿತಿಯದೇ ಪ್ರಕಾರ್ಯವಾಗಿದೆ. ಆದ್ದರಿಂದ ಮರ ಕಡಿಯುವ ಪ್ರಸ್ತಾವನೆ ಸಭೆಯ ಮುಂದೆ ಬಂದಾಗ, ಅದನ್ನು ಉಳಿಸಿಕೊಂಡೇ ಕಾಮಗಾರಿ ನಡೆಸಲು ಸಾಧ್ಯವೇ ಎಂಬ ಪ್ರಶ್ನೆಯನ್ನು ಸದಸ್ಯರು ಮೊದಲು ಕೇಳತಕ್ಕದ್ದು.