ತೋಟದಿಂದ ಆಸ್ಪತ್ರೆಗೆ 14 ಕಿಲೋಮೀಟರ್

2024ರ ಡಿಸೆಂಬರಿನ ಒಂದು ಸಂಜೆ, ಆರೂವರೆ ಗಂಟೆ. ಅಡಿಕೆ ಕೊಯ್ಲು ಮುಗಿಸಿ ಆಳುಗಳು ಮನೆಗೆ ಹೋಗಿದ್ದರು. ಬುಡದಲ್ಲಿ ಉದುರಿದ ಹಣ್ಣಡಿಕೆ ಹೆಕ್ಕುವುದು ಇನ್ನೂ ಎರಡು ಸಾಲು ಬಾಕಿ. ಎರಡೇ ಸಾಲು ಅಲ್ಲವೋ ಎಂದು ಟಾರ್ಚು ಹಿಡಿಯದೆ, ಬರಿಗಾಲಲ್ಲೇ ಇಳಿದೆ. ಬಿದ್ದ ಸೋಗೆಯೊಂದನ್ನು ಬದಿಗೆ ಎಳೆದದ್ದೇ ತಡ, ಎಡಗಾಲಿನ ಗಂಟಿನ ಬಳಿ ಕೆಂಡ ಇಟ್ಟ ಹಾಗಾಯಿತು. ಆಮೇಲೆ ಕೇಳಿಸಿತು, ಪ್ರೆಶರ್ ಕುಕ್ಕರಿನಂಥ ಬುಸ್ ಶಬ್ದ. ಕೊಳಕುಮಂಡಲ.

ನನಗೆ ಐವತ್ತೆಂಟು ವರ್ಷ. ಹಾವಿರುವ ತೋಟದಲ್ಲೇ ಬೆಳೆದವನು. ಆದರೂ ಕೈ ಮೊದಲು ಹೋದದ್ದು ಹೆಗಲ ಮೇಲಿನ ಬೈರಾಸಿಗೆ. ಮೊಣಕಾಲಿನ ಕೆಳಗೆ ಬಿಗಿದು ಕಟ್ಟಬೇಕು ಅಂತ. ಅರ್ಧ ಸುತ್ತು ಹಾಕಿ ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ಒಂದು ಕಾರಣವಿದೆ, ಅದನ್ನು ಇಲ್ಲಿ ಹೇಳಲೇಬೇಕು.

1996ರಲ್ಲಿ ನನ್ನ ಚಿಕ್ಕಪ್ಪನ ಮಗನಿಗೆ ಇದೇ ಜಾತಿಯ ಹಾವು ಕಚ್ಚಿತ್ತು. ಇಪ್ಪತ್ತೆರಡರ ಹುಡುಗ. ಕಾಲಿಗೆ ಹಗ್ಗ ಕಟ್ಟಿದ್ದು ನಾನು. ಬಾಳೆಗೊನೆ ಕಟ್ಟುವ ಹಗ್ಗ, ಎಷ್ಟು ಬಿಗಿಯಾಗುತ್ತದೋ ಅಷ್ಟು. ಹಾಗೆ ಕಟ್ಟಬೇಕೆಂದೇ ನಾವು ಶಾಲೆಯಲ್ಲಿ ಕಲಿತದ್ದು. ಮತ್ತೆ ನಾಟಿ ಮದ್ದಿನವರ ಮನೆಗೆ ಹೊತ್ತುಕೊಂಡು ಹೋದೆವು. ಕಟ್ಟಿದ್ದೇವಲ್ಲ, ವಿಷ ಮೇಲೆ ಹೋಗುವುದಿಲ್ಲ, ಅವಸರವಿಲ್ಲ ಎಂಬ ಧೈರ್ಯ. ಅಲ್ಲಿ ಮೂರು ಗಂಟೆ ಹೋಯಿತು. ಆಸ್ಪತ್ರೆ ಮುಟ್ಟುವಾಗ ಕಾಲು ನೀಲಿ, ವಸಡಿನಲ್ಲಿ ರಕ್ತ. ನಾಲ್ಕನೇ ದಿನ ಮೂತ್ರ ನಿಂತು ತೀರಿಕೊಂಡ. ಹಗ್ಗದಿಂದಲೇ ಸತ್ತ ಎಂದು ಯಾರೂ ನನಗೆ ಹೇಳಲಿಲ್ಲ. ಚಿಕ್ಕಮ್ಮ ಕೂಡ ಹೇಳಲಿಲ್ಲ. ಆದರೆ ಆ ಮೂರು ಗಂಟೆ ನನ್ನ ಲೆಕ್ಕದಲ್ಲೇ ಇದೆ.

ಹಾಗಾಗಿ ಬೈರಾಸು ಬಿಚ್ಚಿದೆ. ಮನೆಗೆ ಕೂಗಿ ಹೇಳಿದೆ. ನಡೆಯದೆ ಅಲ್ಲೇ ಕೂತೆ. ನಡೆದರೆ ವಿಷ ಬೇಗ ಏರುತ್ತದೆ. ಮಗ ಮತ್ತು ಪಕ್ಕದ ಮನೆಯವರು ಕುರ್ಚಿಯಲ್ಲಿ ಕೂರಿಸಿ ಹೊತ್ತು ಜೀಪಿಗೆ ಹಾಕಿದರು. 108ಕ್ಕೂ ಫೋನ್ ಮಾಡಿದ್ದೆವು. ಅದು ಬರುವ ದಾರಿ ನಮ್ಮಲ್ಲಿಗೆ ಉದ್ದ. ಕಾಯುವುದಕ್ಕಿಂತ ಹೊರಟದ್ದು ಒಳ್ಳೆಯದಾಯಿತು.

ಅಷ್ಟೆಲ್ಲ ತಿಳಿದವನು ಮತ್ತೊಂದು ತಪ್ಪು ಮಾಡಿದೆ. ದಾರಿಯಲ್ಲಿ ಪೇಟೆಯ ಖಾಸಗಿ ಕ್ಲಿನಿಕ್ ಕಂಡಿತು. ಹತ್ತಿರವಲ್ಲವೋ ಎಂದು ನಿಲ್ಲಿಸಿದೆವು. ಅಲ್ಲಿ ಟಿಟಿ ಇಂಜೆಕ್ಷನ್ ಚುಚ್ಚಿ, "ಸ್ವಲ್ಪ ಹೊತ್ತು ನೋಡುವ" ಅಂದರು. ಇಪ್ಪತ್ತೈದು ನಿಮಿಷ ನೋಡಿದರು. ಹಾವಿನ ವಿಷಕ್ಕೆ ಮದ್ದು ಅಲ್ಲಿ ಇರಲೇ ಇಲ್ಲ. ಇಲ್ಲ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ನಾವೂ ಕೇಳಲಿಲ್ಲ, ಅದೂ ತಪ್ಪೇ.

ಕೊನೆಗೆ ಮುಟ್ಟಿದ್ದು ಸರಕಾರದ ಸಮುದಾಯ ಆರೋಗ್ಯ ಕೇಂದ್ರಕ್ಕೆ. ಮನೆಯಿಂದ 14 ಕಿ.ಮೀ. ಸರಕಾರದ ನಿಯಮದ ಲೆಕ್ಕದಲ್ಲಿ ಬಯಲು ಸೀಮೆಯಲ್ಲಿ 1,20,000 ಜನಕ್ಕೆ, ಗುಡ್ಡಗಾಡಿನಲ್ಲಿ 80,000 ಜನಕ್ಕೆ ಇಂಥದ್ದೊಂದು, 30 ಹಾಸಿಗೆ. ತಜ್ಞ ವೈದ್ಯರ ಹುದ್ದೆಗಳೂ ಇರುತ್ತವೆ, ಎಷ್ಟೋ ಕಡೆ ಕುರ್ಚಿ ಖಾಲಿ. ನಮ್ಮದೂ ಹಾಗೆಯೇ. ಹೊರಗಿನಿಂದ ನೋಡಿದರೆ ಗೋಡೆಗೆ ಪಾಚಿ, ಜಗಲಿಯಲ್ಲಿ ನಾಯಿ. ನಾನು ಮೂವತ್ತು ವರ್ಷ ಅದರ ಎದುರಿನಿಂದಲೇ ಅಡಿಕೆ ಮಂಡಿಗೆ ಹೋಗಿದ್ದೇನೆ. ಜ್ವರ, ಕೆಮ್ಮು ಬಂದರೂ ಒಳಗೆ ಹೋದವನಲ್ಲ.

ಆ ರಾತ್ರಿ ಇದ್ದದ್ದು ಒಬ್ಬ ಯುವ ವೈದ್ಯೆ, ಇಬ್ಬರು ನರ್ಸುಗಳು. ಮೊದಲು ಮಾಡಿದ್ದು ಬಹಳ ಸುಲಭದ ಪರೀಕ್ಷೆ. ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟರು. ಆಮೇಲೆ ವಾಲಿಸಿ ನೋಡಿದರು. ಆರೋಗ್ಯವಂತನ ರಕ್ತ ಆ ಹೊತ್ತಿಗೆ ಗಟ್ಟಿಯಾಗಿರಬೇಕು. ನನ್ನದು ನೀರಿನ ಹಾಗೆ ಹರಿಯಿತು. ಟ್ಯೂಬು ಗಾಜಿನದ್ದೇ ಆಗಬೇಕಂತೆ, ಪ್ಲಾಸ್ಟಿಕಿನದಾದರೆ ಲೆಕ್ಕ ತಪ್ಪುತ್ತದೆ. ಸೋಪಿನಲ್ಲಿ ತೊಳೆದದ್ದೂ ಆಗದು. ಲಕ್ಷಗಟ್ಟಲೆಯ ಯಂತ್ರ ಬೇಡ, ಗಡಿಯಾರ ಒಂದಿದ್ದರೆ ಆಯಿತು.

"ಅಣ್ಣ, ಈಗ ಮದ್ದು ಹಾಕ್ತೇವೆ. ಮೈ ತುರಿಸಿದ್ರೆ, ಚಳಿಯಾದ್ರೆ, ಉಸಿರು ಕಟ್ಟಿದ್ರೆ ಕೂಡ್ಲೆ ಹೇಳ್ಬೇಕು, ತಡ್ಕೊಂಡು ಕೂರ್ಬೇಡಿ," ಎಂದರು ನರ್ಸ್. ಹತ್ತು ವಯಲ್ ಮದ್ದು ಡ್ರಿಪ್ಪಿನಲ್ಲಿ ಇಳಿಯಿತು. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಿಂದ ತೆಗೆಯುವ ಮದ್ದು ಇದು. ಹಾಗಾಗಿ ಕೆಲವರ ಮೈಗೆ ಒಗ್ಗುವುದಿಲ್ಲ. ಅದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಪಕ್ಕದಲ್ಲೇ ಎಳೆದಿಟ್ಟಿದ್ದರು. ನನಗೆ ತುರಿಕೆ ಬಂತು, ಅದನ್ನೇ ಕೊಟ್ಟು ಸುಧಾರಿಸಿದರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬು. ಮತ್ತೆ ಗಟ್ಟಿಯಾಗಲಿಲ್ಲ. ಮತ್ತೆ ಹತ್ತು ವಯಲ್. ಮರುದಿನ ಬೆಳಗ್ಗೆ ಗಟ್ಟಿಯಾಯಿತು. ಐದು ದಿನ ಮಲಗಿದೆ. ದಿನಾ ಮೂತ್ರ ಅಳೆದರು. ಮದ್ದಿಗೆ ಒಂದು ರೂಪಾಯಿ ಕೊಟ್ಟಿಲ್ಲ.

ಮಲಗಿದಲ್ಲಿ ಕೇಳಿ ತಿಳಿದುಕೊಂಡದ್ದು ಕೆಲವಿದೆ. ಮಕ್ಕಳಿಗೂ ಈ ಮದ್ದು ದೊಡ್ಡವರಷ್ಟೇ ಬೇಕು. ಕಚ್ಚಿಸಿಕೊಂಡವನು ಸಣ್ಣವನಾದರೂ ಹಾವು ಹಾಕಿದ ವಿಷ ಅಷ್ಟೇ ಅಲ್ಲವೇ. ಹಗ್ಗ ಕಟ್ಟಿದರೆ ಮಂಡಲದ ವಿಷ ಒಂದೇ ಕಡೆ ನಿಂತು ಮಾಂಸ ಕೊಳೆಯುತ್ತದೆ, ಬಿಚ್ಚಿದಾಗ ಒಮ್ಮೆಲೇ ಮೇಲೇರುತ್ತದೆ. ಕೊಯ್ಯುವುದು, ಬಾಯಿಂದ ಚೀಪುವುದು ಎರಡೂ ಬೇಡ. ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಟ್ಟಹಾವು ಕಚ್ಚಿದರೆ ಗುರುತೇ ಕಾಣದಿರಬಹುದು, ನೋವೂ ಇರದು. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋಲುವುದು, ಮಾತು ತೊದಲುವುದು. ಅದನ್ನು ಗ್ಯಾಸ್ ಎಂದುಕೊಂಡು ಸೋಡಾ ಕುಡಿಸಿ ಕೂತವರಿದ್ದಾರೆ. ನಾಗರ ಮತ್ತು ಕಟ್ಟಹಾವಿನ ವಿಷದಲ್ಲಿ ಉಸಿರೇ ನಿಲ್ಲುತ್ತದೆ, ಮದ್ದಿನ ಜತೆ ಉಸಿರು ಕೊಡುವ ವ್ಯವಸ್ಥೆಯೂ ಬೇಕು.

ನಮ್ಮ ದೇಶದಲ್ಲಿ 2000ದಿಂದ 2019ರ ತನಕ ಹಾವಿನಿಂದ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜು. ಹೆಚ್ಚಿನವರು ಸತ್ತದ್ದು ಹಳ್ಳಿಯಲ್ಲಿ, ಮನೆಯಲ್ಲಿ. ಮನೆಯಲ್ಲಿ ಸತ್ತವರು ಆಸ್ಪತ್ರೆಯ ಪುಸ್ತಕಕ್ಕೆ ಬರುವುದಿಲ್ಲ. ಪುಸ್ತಕದಲ್ಲಿ ಇಲ್ಲದಿದ್ದರೆ ಆ ಊರಿನ ಆಸ್ಪತ್ರೆಗೆ ಮದ್ದೂ ಕಡಿಮೆಯೇ ಬರುತ್ತದೆ. ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಖಾಸಗಿ ಆಸ್ಪತ್ರೆಯೂ ತಿಳಿಸಬೇಕು. ನನ್ನ ಹೆಸರೂ ಹಾಗೊಂದು ಪುಸ್ತಕ ಸೇರಿತು.

ಇಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬಿಡುಗಡೆಯ ದಿನ ಆ ವೈದ್ಯೆ ಕೇಳಿದರು, "ನಿಮ್ಮೂರಲ್ಲಿ ಜನ ಸೇರುವ ಜಾಗ ಯಾವುದು?" ಹಾಲಿನ ಸೊಸೈಟಿ ಅಂದೆ. "ಹಾಗಾದ್ರೆ ಅಲ್ಲಿಗೇ ಬರ್ತೇವೆ, ಹಾಲು ಹಾಕುವ ಹೊತ್ತಿಗೆ." ಬಾಯಿಮಾತು ಎಂದುಕೊಂಡಿದ್ದೆ. ಜನವರಿಯಲ್ಲಿ ಬಂದೇ ಬಿಟ್ಟರು. ನರ್ಸ್, ನಮ್ಮ ಆಶಾ ಕಾರ್ಯಕರ್ತೆ, ಒಂದು ಗಾಜಿನ ಟ್ಯೂಬು, ಖಾಲಿ ವಯಲ್. ಭಾಷಣ ಕಾಲು ಗಂಟೆ, ಪ್ರಶ್ನೆ ಒಂದೂವರೆ ಗಂಟೆ. ನಾಟಿ ಮದ್ದಿನವರ ಮಗನೂ ಬಂದಿದ್ದ. ಅವರನ್ನು ಯಾರೂ ಬೈಯಲಿಲ್ಲ. "ನಿಮ್ಮ ಮನೆಗೆ ಮೊದಲು ಬಂದವರನ್ನು ಕೂರಿಸದೆ ನಮ್ಮಲ್ಲಿಗೆ ಕಳಿಸಿ ಕೊಡಿ, ಬೇಕಾದ್ರೆ ಜತೆಗೆ ನೀವೂ ಬನ್ನಿ," ಅಷ್ಟೇ ಹೇಳಿದ್ದು. ಈಗ ಅವನು ಹಾಗೆಯೇ ಮಾಡುತ್ತಿದ್ದಾನೆ.

ಅಂದೇ ಸೊಸೈಟಿಯ ಗೋಡೆಗೆ ಒಂದು ಪಟ್ಟಿ ಅಂಟಿಸಿದೆವು. ರಾತ್ರಿ ಕರೆದರೂ ಬರುವ ಮೂರು ಜೀಪಿನವರ ಫೋನ್ ನಂಬರು. ಆಸ್ಪತ್ರೆಯ ನಂಬರು. ಹೊರಡುವಾಗಲೇ ಫೋನ್ ಮಾಡಿ "ಮದ್ದು ಉಂಟಾ, ಡಾಕ್ಟ್ರು ಉಂಟಾ" ಎಂದು ಕೇಳಬೇಕು. ಇಲ್ಲ ಎಂದರೆ ನೇರ ಮುಂದಿನ ಆಸ್ಪತ್ರೆಗೆ. ಮಧ್ಯೆ ಎಲ್ಲೂ ನಿಲ್ಲಿಸುವುದಿಲ್ಲ.

ಪಟ್ಟಿ ಮೊದಲು ಕೆಲಸಕ್ಕೆ ಬಂದದ್ದು 2025ರ ಜೂನಿನಲ್ಲಿ. ನೆರೆಮನೆಯ ತೋಟದಲ್ಲಿ ಹುಲ್ಲು ಕೆರೆಯುತ್ತಿದ್ದ ಅಕ್ಕನಿಗೆ ಬೆರಳಿಗೆ ಕಚ್ಚಿತು. ಹಾವು ಗೇಣಿಗಿಂತ ಸ್ವಲ್ಪ ಉದ್ದ, ತರಗೆಲೆಯ ಬಣ್ಣ, ಮೂಗು ಮೇಲಕ್ಕೆ ತಿರುಗಿದ್ದು. ಅದನ್ನು ಕೊಲ್ಲಲು ಹೋಗದೆ ಹುಡುಗನೊಬ್ಬ ದೂರದಿಂದ ಮೊಬೈಲಿನಲ್ಲಿ ಫೋಟೋ ತೆಗೆದ. ಅದರಿಂದ ಉಪಕಾರವಾಯಿತು. ವೈದ್ಯೆ ನೋಡಿ "ಇದು ಹಂಪ್ ನೋಸ್ಡ್ ಪಿಟ್ ವೈಪರ್" ಅಂದರು. ನಮ್ಮಲ್ಲಿ ಸಿಗುವ ಮದ್ದು ನಾಲ್ಕು ಹಾವುಗಳ ವಿಷದ್ದು: ನಾಗರ, ಕಟ್ಟಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ಐದನೆಯದಕ್ಕೆ ಅದು ನಾಟುವುದಿಲ್ಲ. ಅಡಿಕೆ, ರಬ್ಬರು, ಕೊಕ್ಕೋ ತೋಟದ ತರಗೆಲೆಯಲ್ಲಿ ಇರುವುದು ಇದೇ ಹಾವು, ಆದರೆ ಇದಕ್ಕೆಂದೇ ಮಾಡಿದ ಮದ್ದು ನಮಗೆ ಆಸ್ಪತ್ರೆಯಲ್ಲಿ ಸಿಗುವುದಿಲ್ಲ! ಜೀವಕ್ಕೆ ಅಪಾಯ ತರಬಲ್ಲದು ಎಂಬುದೇ ನಮ್ಮ ದೇಶದಲ್ಲಿ 2007ರಲ್ಲಿ ಕೇರಳದ ವೈದ್ಯರು ಬರೆದ ಮೇಲೆ ಸರಿಯಾಗಿ ಗೊತ್ತಾದದ್ದು. ಅಲ್ಲಿಯ ತನಕ ಸಣ್ಣ ಹಾವು, ಏನಾಗುವುದಿಲ್ಲ ಎಂದೇ ಮಾತು.

ಅವರಿಗೆ ಟ್ಯೂಬಿನ ರಕ್ತ ಗಟ್ಟಿಯಾಗಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಬಹುದು, ಡಯಾಲಿಸಿಸ್ ಇರುವಲ್ಲಿಗೆ ಹೋಗಬೇಕು ಎಂದು ಆಂಬುಲೆನ್ಸಿನಲ್ಲೇ ಮಂಗಳೂರಿಗೆ ಕಳಿಸಿದರು. ಮೂರು ಸಲ ಡಯಾಲಿಸಿಸ್ ಆಯಿತು. ಉಳಿದರು. ಚಿಕಿತ್ಸೆಗೆ ಖರ್ಚಾಗದಿದ್ದರೂ ನಾಲ್ಕು ತಿಂಗಳ ಕೂಲಿ ಹೋಯಿತು. ಅದನ್ನು ಯಾರು ಕೊಡಬೇಕು? ತೋಟದವರು ಒಂದಷ್ಟು ಕೊಟ್ಟರು. ನಾನು ಆ ತೋಟದವನಲ್ಲ, ಆದರೆ ನನ್ನ ತೋಟದಲ್ಲೂ ಅವರೇ ಹುಲ್ಲು ಕೆರೆದವರು, ಬರಿಗೈ, ಬರಿಗಾಲಲ್ಲಿ. ನನಗೆ ಕಚ್ಚಿದ ಮೇಲೆ ನಾನು ಗಂಬೂಟು ತಂದದ್ದು ಒಂದೇ ಜೊತೆ, ನನ್ನ ಕಾಲಿನ ಅಳತೆಗೆ. ಆಳುಗಳಿಗೆ ತಂದದ್ದು ಅಕ್ಕನಿಗೆ ಹಾಗಾದ ಮೇಲೆ. ಸೆಕೆ ಎಂದು ಗೊಣಗುತ್ತಾರೆ, ಮಧ್ಯಾಹ್ನದ ಮೇಲೆ ಕಳಚಿಡುತ್ತಾರೆ. ಕೈಗವಸು ಯಾರೂ ಹಾಕುವುದಿಲ್ಲ. ಹುಲ್ಲು ಕೆರೆಯುವ ಮೊದಲು ಕೋಲಿನಲ್ಲಿ ತರಗೆಲೆ ಸರಿಸುವುದು ಮಾತ್ರ ಅಭ್ಯಾಸವಾಗಿದೆ.

ಆಸ್ಪತ್ರೆಯಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. ಆಗಸ್ಟಿನಲ್ಲಿ ಒಮ್ಮೆ ಫೋನ್ ಮಾಡಿ ಕೇಳಿದಾಗ ಮದ್ದು ನಾಲ್ಕೇ ವಯಲ್ ಇತ್ತು. ಸೊಸೈಟಿಯಿಂದ ತಾಲೂಕು ಆರೋಗ್ಯಾಧಿಕಾರಿಗೆ ಬರೆದೆವು. ಹನ್ನೊಂದನೇ ದಿನಕ್ಕೆ ಬಂತು. ಈಗ ತಿಂಗಳ ಮೊದಲ ವಾರ ಕಾರ್ಯದರ್ಶಿಯವರು ಫೋನ್ ಮಾಡಿ ಎಷ್ಟು ಉಂಟು ಎಂದು ಕೇಳಿ ಪಟ್ಟಿಯ ಕೆಳಗೆ ಪೆನ್ಸಿಲಿನಲ್ಲಿ ಬರೆಯುತ್ತಾರೆ.

ಆ ವೈದ್ಯೆಗೆ ವರ್ಗವಾಗಿದೆ. ಹೊಸಬರು ಬಂದಿದ್ದಾರೆ, ಸೊಸೈಟಿಗೆ ಬನ್ನಿ ಎಂದು ನಾವೇ ಹೋಗಿ ಕರೆಯಬೇಕು. ಮೂರು ಜೀಪಿನವರಲ್ಲಿ ಒಬ್ಬರು ಜೀಪು ಮಾರಿದ್ದಾರೆ. ಆ ನಂಬರು ಅಳಿಸಿ ಬೇರೆ ಬರೆಯುವುದು ಈ ವಾರದ ಕೆಲಸ.