ಇದ್ದೂ ಕಾಣದ ಡಿಸ್ಕು

೨೦೨೫ನೆಯ ಇಸವಿಯ ಅಕ್ಟೋಬರ್ ೧೪ನೆಯ ತಾರೀಖಿಗೆ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯವರ ಸಾಮಾನ್ಯ ಪೋಷಣೆಯು ಮುಗಿದುಹೋಯಿತು. ಅಂದಿನಿಂದೀಚೆಗೆ ಅನೇಕ ಗೃಹಸ್ಥರು ತಮ್ಮ ಮನೆಯ ಕಂಪ್ಯೂಟರಿಗೆ ವಿಂಡೋಸ್ ೧೧ನ್ನು ಹೊಸದಾಗಿ ಹಾಕಿಕೊಳ್ಳುವ ಕಾರ್ಯಕ್ಕೆ ಕೈಹಚ್ಚಿರುತ್ತಾರೆ. ಪೆನ್ ಡ್ರೈವಿನಲ್ಲಿ ಸ್ಥಾಪನೆಯ ಸಾಮಗ್ರಿಯನ್ನು ಸಿದ್ಧಪಡಿಸಿ, ಯಂತ್ರವನ್ನು ಅದರಿಂದಲೇ ಎಬ್ಬಿಸಿ, ಭಾಷೆಯನ್ನೂ ಕೀಲಿಮಣೆಯನ್ನೂ ಆರಿಸಿ, ಷರತ್ತುಗಳಿಗೆ ಒಪ್ಪಿಗೆ ಕೊಟ್ಟು, ಎಲ್ಲಿ ಸ್ಥಾಪಿಸಬೇಕೆಂದು ಕೇಳುವ ಪುಟದವರೆಗೆ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆ. ಅಲ್ಲಿ ಡಿಸ್ಕಿನ ಹೆಸರು ಇರಬೇಕಾದ ಸ್ಥಳವು ಬರಿದಾಗಿದ್ದು, ಯಾವ ಡ್ರೈವೂ ಸಿಕ್ಕಲಿಲ್ಲವೆಂಬ ಒಂದು ಸಾಲು ಮಾತ್ರ ಕಾಣಿಸಿಕೊಳ್ಳುತ್ತದೆ. ಅದನ್ನು ಓದಿದವನ ಎದೆ ಧಸಕ್ಕೆನ್ನುವುದು ಸಹಜವೇ ಸರಿ. ಇಂದಿನ ಸಂಸಾರಕ್ಕೆ ಡಿಸ್ಕೆಂಬುದು ಪತ್ರದ ಪೆಟ್ಟಿಗೆಯೂ ಹೌದು, ಲೆಕ್ಕದ ಪುಸ್ತಕವೂ ಹೌದು, ಗತಿಸಿದ ಹಿರಿಯರ ಚಿತ್ರಗಳಿರುವ ಗೋಡೆಯೂ ಹೌದು.

ಇಂತಹ ಸಮಯದಲ್ಲಿ "ಡಿಸ್ಕು ಸತ್ತಿದೆ, ಹೊಸದನ್ನು ಹಾಕಿಸಿ" ಎಂಬ ತೀರ್ಪು ಬಹು ಸುಲಭವಾಗಿ ಹೊರಬೀಳುತ್ತದೆ. ಈ ತೀರ್ಪು ಅನೇಕ ವೇಳೆ ಅವಸರದ್ದೆಂದು ವಾಚಕರಿಗೆ ತಿಳಿಸುವುದಕ್ಕಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಶಾಸ್ತ್ರಕಾರರಲ್ಲಿ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬುದನ್ನು ಪ್ರತ್ಯೇಕವಾದ ಒಂದು ಪ್ರಮಾಣವಾಗಿ ಎಣಿಸುತ್ತಾರೆ. ಕಾಣದಿರುವುದರಿಂದ ಇಲ್ಲವೆಂದು ತಿಳಿಯುವುದೇ ಅದು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದುದರಿಂದ ಅಲ್ಲಿ ಗಡಿಗೆಯಿಲ್ಲ. ಆದರೆ ಇದಕ್ಕೆ ಅವರು ಒಂದು ಕಟ್ಟನ್ನು ಹಾಕಿದ್ದಾರೆ. ವಸ್ತುವು ಅಲ್ಲಿ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಹ ಸನ್ನಿವೇಶದಲ್ಲಿ ಮಾತ್ರವೇ ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾದೀತು. ಕತ್ತಲೆಯ ಕೋಣೆಯಲ್ಲಿ ನಿಂತು ಗಡಿಗೆಯಿಲ್ಲವೆನ್ನುವವನ ಮಾತಿಗೆ ಬೆಲೆಯಿಲ್ಲ. ಸಾಂಖ್ಯಕಾರಿಕೆಯಲ್ಲಿ ಈಶ್ವರಕೃಷ್ಣನು ಇರುವ ವಸ್ತುವೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಎಣಿಸಿದ್ದಾನೆ. ಇಂದ್ರಿಯದ ಕುಂದು, ನಡುವೆ ಬಂದ ಅಡ್ಡಿ ಇವೆರಡೂ ಅವುಗಳಲ್ಲಿ ಸೇರಿವೆ. ನಮ್ಮ ಈಗಿನ ವಿಷಯಕ್ಕೆ ಈ ಎರಡೇ ಸಾಕು. ಸ್ಥಾಪನೆಯ ಪುಟಕ್ಕೆ ಡಿಸ್ಕು ಕಾಣಲಿಲ್ಲವೆಂದರೆ, ಕಾಣುವ ಯೋಗ್ಯತೆ ಆ ಪುಟಕ್ಕೆ ಇದ್ದಿತೇ ಎಂದು ಮೊದಲು ವಿಚಾರಿಸತಕ್ಕದ್ದು.

ವಿಚಾರಿಸುವುದು ಹೇಗೆ? ಬೇರೊಬ್ಬ ಸಾಕ್ಷಿಯನ್ನು ಕೇಳಬೇಕು. ವಿಂಡೋಸ್ ಎಚ್ಚರಗೊಳ್ಳುವುದಕ್ಕೆ ಮುಂಚೆಯೇ ಎಚ್ಚರಗೊಳ್ಳುವ ಬಯಾಸ್ ಎಂಬ ಮೂಲವ್ಯವಸ್ಥೆಯೊಂದು ಪ್ರತಿ ಕಂಪ್ಯೂಟರಿನಲ್ಲಿಯೂ ಇರುತ್ತದೆ. ಯಂತ್ರವನ್ನು ಆನ್ ಮಾಡಿದೊಡನೆಯೇ ಎಫ್ ೨, ಎಫ್ ೧೦ ಅಥವಾ ಡಿಲೀಟ್ ಕೀಲಿಯನ್ನು, ತಯಾರಕರು ಗೊತ್ತುಮಾಡಿರುವಂತೆ, ಪದೇ ಪದೇ ಒತ್ತುತ್ತಿದ್ದರೆ ಅದರ ಪುಟ ತೆರೆಯುತ್ತದೆ. ಅಲ್ಲಿ ಡಿಸ್ಕಿನ ಮಾದರಿಯ ಹೆಸರೂ ಅಳತೆಯೂ ನಮೂದಾಗಿದ್ದರೆ ಡಿಸ್ಕು ಕರೆದರೆ ಓಗೊಡುತ್ತಿದೆಯೆಂದು ಅರ್ಥ. ಕೆಲವು ಯಂತ್ರಗಳಲ್ಲಿ ಈ ನಮೂದು ಮೊದಲ ಪುಟದಲ್ಲಿರದೆ, ರಾಪಿಡ್ ಸ್ಟೋರೇಜ್ ಎಂಬ ಹೆಸರಿನ ಒಳಪುಟದಲ್ಲಿ ಅಡಗಿರುವುದುಂಟು. ಅದನ್ನೂ ನೋಡಿಯೇ ಹಿಂದಿರುಗಬೇಕು. ಬಯಾಸಿಗೆ ಕಂಡ ಡಿಸ್ಕು ವಿಂಡೋಸಿಗೆ ಕಾಣದಿದ್ದರೆ, ದೋಷವು ಬಹುಮಟ್ಟಿಗೆ ನೋಡುವ ಕಣ್ಣಿನದು.

ಇಲ್ಲಿ ಡ್ರೈವು, ಡ್ರೈವರು ಎಂಬ ಎರಡು ಶಬ್ದಗಳು ಒಂದನ್ನೊಂದು ಹೋಲುವುದರಿಂದ ಗೊಂದಲವಾಗುವುದುಂಟು. ಡ್ರೈವೆಂದರೆ ದಾಖಲೆಗಳಿರುವ ಡಿಸ್ಕು. ಡ್ರೈವರೆಂದರೆ ವಿಂಡೋಸಿಗೂ ಯಂತ್ರದ ಒಂದು ಭಾಗಕ್ಕೂ ನಡುವೆ ನಿಂತು ಮಾತನಾಡಿಸುವ ದುಭಾಷಿ. ಒಂದು ಸಣ್ಣ ಪ್ರೋಗ್ರಾಮು. ಸ್ಥಾಪನೆಯ ಪೆನ್ ಡ್ರೈವಿನಲ್ಲಿ ಸಾಮಾನ್ಯವಾದ ದುಭಾಷಿಗಳೆಲ್ಲರೂ ಇರುತ್ತಾರೆ. ವಿಶೇಷವಾದ ಭಾಷೆಯನ್ನಾಡುವ ಭಾಗವೊಂದು ಎದುರಾದರೆ ವಿಂಡೋಸ್ ಮೂಕವಾಗುತ್ತದೆ.

ಆ ವಿಶೇಷ ಭಾಗ ಯಾವುದೆಂದು ಹೇಳೋಣ. ಇಂಟೆಲ್ ಸಂಸ್ಥೆಯವರ ಹನ್ನೊಂದನೆಯ ಪೀಳಿಗೆಯ ಪ್ರೊಸೆಸರುಗಳು ೨೦೨೦ರಲ್ಲಿ ಲ್ಯಾಪ್‌ಟಾಪುಗಳಿಗೆ ಬಂದವು. ಅಲ್ಲಿಂದ ಮುಂದಕ್ಕೆ ಅನೇಕ ತಯಾರಕರು ವಿ.ಎಂ.ಡಿ. ಎಂಬ ಏರ್ಪಾಟನ್ನು ಚಾಲೂ ಇಟ್ಟೇ ಯಂತ್ರಗಳನ್ನು ಮಾರುತ್ತ ಬಂದಿದ್ದಾರೆ. ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಅಂತಃಪುರದ ಕಂಚುಕಿಯ ಪರಿಚಯವಿದ್ದೇ ಇರುತ್ತದೆ. ಒಳಗಿರುವವರು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಏನು ಹೇಳಿಕಳುಹಿಸಬೇಕಾದರೂ ಆ ವೃದ್ಧನ ಮೂಲಕವೇ ಆಗಬೇಕು. ವಿ.ಎಂ.ಡಿ.ಯೂ ಹಾಗೆಯೇ. ಎನ್.ವಿ.ಎಂ.ಇ. ಎಂಬ ವೇಗದ ಡಿಸ್ಕುಗಳನ್ನು ಅದು ತನ್ನ ಹಿಂದೆ ಇರಿಸಿಕೊಂಡು, ತಾನೊಂದೇ ಹೊರಗೆ ಕಾಣಿಸಿಕೊಳ್ಳುತ್ತದೆ. ಕಂಚುಕಿಯ ಭಾಷೆ ಬಲ್ಲ ದುಭಾಷಿಯಿಲ್ಲದ ಸ್ಥಾಪನೆಯ ಪುಟವು ಬಾಗಿಲಿನಿಂದಲೇ ಹಿಂದಿರುಗಿ, ಒಳಗೆ ಯಾರೂ ಇಲ್ಲವೆಂದು ವರದಿಮಾಡುತ್ತದೆ. ಈ ಏರ್ಪಾಟು ಮೊದಲಿಗೆ ಹುಟ್ಟಿದ್ದು ಅನೇಕ ಡಿಸ್ಕುಗಳನ್ನು ಒಟ್ಟಿಗೆ ಆಳಬೇಕಾದ ಸರ್ವರ್ ಯಂತ್ರಗಳಿಗಾಗಿ. ಒಂದೇ ಡಿಸ್ಕಿರುವ ಮನೆಯ ಲ್ಯಾಪ್‌ಟಾಪಿಗೆ ಇದರಿಂದಾಗುವ ಉಪಕಾರವು ನಮ್ಮ ಅಭಿಪ್ರಾಯದಲ್ಲಿ ಅತ್ಯಲ್ಪ; ತೊಂದರೆಯಾದರೋ ಕಣ್ಣೆದುರಿಗೇ ಇದೆ.

ಇದು ಹೊಸ ರೋಗವೇನೂ ಅಲ್ಲ. ೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಆಮೇಲೆ ಬಂದ ಸಾಟಾ ಡಿಸ್ಕುಗಳ ಕೆಲವು ಏರ್ಪಾಟುಗಳು ತಿಳಿಯುತ್ತಿರಲಿಲ್ಲ. ಸ್ಥಾಪನೆಯ ಆರಂಭದಲ್ಲಿ ಎಫ್ ೬ ಕೀಲಿಯನ್ನು ಒತ್ತಿ, ಫ್ಲಾಪಿಯಲ್ಲಿ ತಂದಿದ್ದ ಡ್ರೈವರನ್ನು ಕೊಡಬೇಕಾಗಿತ್ತು. ಫ್ಲಾಪಿಗೆ ಜಾಗವೇ ಇಲ್ಲದ ಹೊಸ ಯಂತ್ರಗಳು ಬಂದ ಮೇಲೆಯೂ ಆ ಪುಟವು ಫ್ಲಾಪಿಯನ್ನೇ ಬೇಡುತ್ತಿದ್ದುದು ಶಾಲೆಗಳ ಕಂಪ್ಯೂಟರ್ ಕೋಣೆಯಲ್ಲಿ ಕೆಲಸಮಾಡಿದವರಿಗೆ ನೆನಪಿರಬಹುದು. ೨೦೦೯ರ ವಿಂಡೋಸ್ ೭ಕ್ಕೆ ೨೦೧೧ರಲ್ಲಿ ರೂಪುಗೊಂಡ ಎನ್.ವಿ.ಎಂ.ಇ. ತಿಳಿಯಲಿಲ್ಲ, ಅದಕ್ಕೆ ಬೇರೆಯೇ ತೇಪೆ ಹಾಕಬೇಕಾಯಿತು. ಯಂತ್ರವು ಮುಂದೆ, ಸ್ಥಾಪನೆಯ ಸಾಮಗ್ರಿ ಹಿಂದೆ. ಇದು ಪ್ರತಿ ತಲೆಮಾರಿನಲ್ಲಿಯೂ ನಡೆದುಬಂದಿದೆ.

ಈಗ ಪರಿಹಾರ. ಬೇರೊಂದು ಕಂಪ್ಯೂಟರಿನಲ್ಲಿ ನಿಮ್ಮ ಲ್ಯಾಪ್‌ಟಾಪಿನ ತಯಾರಕರ ಜಾಲತಾಣವನ್ನು ತೆರೆದು, ನಿಮ್ಮ ಮಾದರಿಯ ಹೆಸರಿನಡಿಯಲ್ಲಿ ಇಂಟೆಲ್ ರಾಪಿಡ್ ಸ್ಟೋರೇಜ್ ಟೆಕ್ನಾಲಜಿ ಎಂಬ ಡ್ರೈವರನ್ನು ಇಳಿಸಿಕೊಳ್ಳಿರಿ. ಅದು ಒಂದು ಗಂಟಾಗಿ ಬರುತ್ತದೆ. ಗಂಟನ್ನು ಹಾಗೆಯೇ ಪೆನ್ ಡ್ರೈವಿಗೆ ಹಾಕಿದರೆ ಪ್ರಯೋಜನವಿಲ್ಲ. ಸ್ಥಾಪನೆಯ ಪುಟಕ್ಕೆ ಗಂಟು ಬಿಚ್ಚಲು ಬಾರದು. ಹತ್ತು ಜನರಲ್ಲಿ ಆರೇಳು ಜನ ಎಡವುವುದು ಇಲ್ಲಿಯೇ ಎಂದು ನಮಗೆ ತೋರುತ್ತದೆ. ಗಂಟನ್ನು ಮೊದಲೇ ಬಿಚ್ಚಿ, ಐ.ಎನ್.ಎಫ್. ಎಂದು ಕೊನೆಗೊಳ್ಳುವ ಕಡತವೂ ಅದರ ಜೊತೆಗಾರರೂ ಇರುವ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲುಮಾಡಬೇಕು. ಆಮೇಲೆ ಡಿಸ್ಕು ಕಾಣದ ಆ ಪುಟದಲ್ಲಿಯೇ ಇರುವ ಲೋಡ್ ಡ್ರೈವರ್ ಎಂಬ ಗುಂಡಿಯನ್ನು ಒತ್ತಿ ಈ ಫೋಲ್ಡರನ್ನು ತೋರಿಸಬೇಕು. ವಿ.ಎಂ.ಡಿ. ಕಂಟ್ರೋಲರ್ ಎಂಬ ಹೆಸರು ಮೂಡುತ್ತದೆ; ಅದನ್ನು ಆರಿಸಿದ ಸ್ವಲ್ಪ ಹೊತ್ತಿಗೆ ಡಿಸ್ಕು ತನ್ನ ಎಲ್ಲ ವಿಭಾಗಗಳೊಡನೆ ಪ್ರತ್ಯಕ್ಷವಾಗುತ್ತದೆ.

ಇನ್ನೊಂದು ದಾರಿಯೂ ಉಂಟು. ಬಯಾಸಿನಲ್ಲಿ ವಿ.ಎಂ.ಡಿ.ಯನ್ನೇ ಆರಿಸಿಬಿಟ್ಟರೆ ಡ್ರೈವರಿಲ್ಲದೆಯೇ ಡಿಸ್ಕು ಕಾಣುತ್ತದೆ. ಇದು ಸುಲಭವಾದುದರಿಂದ ಎಲ್ಲರೂ ಇದನ್ನೇ ಮೊದಲು ಹೇಳುತ್ತಾರೆ. ಖಾಲಿ ಡಿಸ್ಕಿಗಾದರೆ ಸರಿಯೇ. ಹಳೆಯ ವಿಂಡೋಸ್ ಇನ್ನೂ ಉಸಿರಾಡುತ್ತಿರುವ ಯಂತ್ರದಲ್ಲಿ ಹೀಗೆ ಮಾಡಿದರೆ ಅದು ಮತ್ತೆ ಏಳದೆ, ತನ್ನ ಡಿಸ್ಕು ಕೈಗೆ ಸಿಕ್ಕುತ್ತಿಲ್ಲವೆಂದು ನೀಲಿ ಪರದೆಯನ್ನು ತೋರಿಸಿ ನಿಲ್ಲಬಹುದು. ಎರಡು ಡಿಸ್ಕುಗಳನ್ನು ರೈಡ್ ಎಂಬ ಕ್ರಮದಲ್ಲಿ ಒಂದಾಗಿ ಹೆಣೆದಿದ್ದರಂತೂ ಆ ಸ್ವಿಚ್ಚನ್ನು ಮುಟ್ಟಲೇಬಾರದು. ಹೆಣಿಗೆ ಬಿಚ್ಚಿದರೆ ದಾಖಲೆಗಳ ಗತಿ ಹೇಳತೀರದು.

ಡಿಸ್ಕು ಕಂಡಿತೆಂಬ ಸಂತೋಷದಲ್ಲಿ ಮಾಡಬಾರದ ಕೆಲಸವೂ ಒಂದಿದೆ. ವಿಭಾಗಗಳನ್ನು ಅಳಿಸಿ ಮುಂದುವರಿಯುವ ಗುಂಡಿಗಳು ಅಲ್ಲಿಯೇ ಪಕ್ಕದಲ್ಲಿರುತ್ತವೆ. ಈ ಮಾತಿಗೆ ಇತ್ತೀಚಿನ ಒಂದು ಪ್ರಸಂಗವನ್ನು ಹೇಳಬೇಕಾಗಿದೆ. ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಯಜಮಾನರು ತೀರಿಹೋಗಿ ಎರಡು ವರ್ಷವಾಗಿತ್ತು. ಅವರು ಬಳಸುತ್ತಿದ್ದ ಲ್ಯಾಪ್‌ಟಾಪು ಒಂದು ದಿನ ಏಳದೆ ಹೋಯಿತು. ಮಗನು ವಿಂಡೋಸನ್ನು ಮತ್ತೆ ಹಾಕಲು ಹೋಗಿ, ಡ್ರೈವೇ ಇಲ್ಲವೆಂಬ ಸಾಲನ್ನು ಕಂಡು ಕೈಬಿಟ್ಟನು. ರಿಪೇರಿ ಅಂಗಡಿಯೊಂದರಲ್ಲಿಯೂ ಅದೇ ಸಾಲನ್ನು ನೋಡಿ, ಡಿಸ್ಕು ಹೋಗಿದೆ, ಹಳೆಯದನ್ನು ಇಲ್ಲಿಯೇ ಬಿಟ್ಟು ಹೊಸದನ್ನು ಹಾಕಿಸಿಕೊಳ್ಳಿ ಎಂದರಂತೆ. ಆಕೆ ಒಪ್ಪದೆ ಯಂತ್ರವನ್ನು ಎತ್ತಿಕೊಂಡು ನಮ್ಮಲ್ಲಿಗೆ ಬಂದರು.

"ಮೇಷ್ಟ್ರೇ, ಮೊಮ್ಮಗಳಿಗೆ ಅವರು ಕಥೆ ಹೇಳಿದ್ದು ಇದರೊಳಗೇ ಇದೆ. ಅವರ ಧ್ವನಿ ಇನ್ನೆಲ್ಲೂ ಇಲ್ಲ. ಬಿಟ್ಟು ಬರೋದಕ್ಕೆ ಮನಸ್ಸಾಗಲಿಲ್ಲ."

"ಒಳ್ಳೆಯದೇ ಮಾಡಿದಿರಿ ತಾಯಿ, ಮೊದಲು ನೋಡೋಣ" ಎಂದು ಬಯಾಸನ್ನು ತೆರೆದೆವು. ೫೧೨ ಜಿ.ಬಿ.ಯ ಡಿಸ್ಕು ಹೆಸರುಸಹಿತ ಅಲ್ಲಿ ಕುಳಿತಿತ್ತು. ಆಗಲೇ ಡ್ರೈವರನ್ನು ಹಾಕಿ ಸ್ಥಾಪನೆಗೆ ತೊಡಗದೆ, ಈ ಕೆಲಸದಲ್ಲಿ ಪಳಗಿದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆವು. ಅವನು ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ತಂತಿಯಿರುವ ಒಂದು ಪುಟ್ಟ ಪೆಟ್ಟಿಗೆಯಲ್ಲಿರಿಸಿ ನಮ್ಮ ಕಂಪ್ಯೂಟರಿಗೆ ಜೋಡಿಸಿದನು. ಡಿಸ್ಕು ಕಂಡಿತು, ಆದರೆ ಬೀಗ ಹಾಕಿತ್ತು! ಬಿಟ್‌ಲಾಕರ್ ಎಂಬ ಈ ಬೀಗವನ್ನು ಅನೇಕ ಹೊಸ ಯಂತ್ರಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದೊಡನೆ, ವಿಂಡೋಸ್ ತಾನಾಗಿಯೇ ಹಾಕಿಬಿಡುತ್ತದೆ; ಮನೆಯವರಿಗೆ ಅದರ ಸುಳಿವೇ ಇರುವುದಿಲ್ಲ. ಬೀಗದ ಕೈ ೪೮ ಅಂಕಿಗಳದ್ದು, ಆರಾರರ ಎಂಟು ಗುಂಪು. ಅದು ಸಾಮಾನ್ಯವಾಗಿ ಅದೇ ಖಾತೆಯಲ್ಲಿ ಉಳಿದಿರುತ್ತದೆ. ಯಜಮಾನರ ಖಾತೆಯ ಗುಪ್ತಪದವು ಅವರ ದಿನಚರಿಯ ಹಿಂದಿನ ಪುಟದಲ್ಲಿ ದೊರಕಿತು. ಖಾತೆಯಲ್ಲಿ ಎರಡು ಕೈಗಳಿದ್ದವು. ಪರದೆಯ ಮೇಲೆ ಕಾಣುವ ಗುರುತಿನ ಮೊದಲ ಎಂಟು ಅಕ್ಷರಗಳನ್ನು ಹೋಲಿಸಿ ಸರಿಯಾದುದನ್ನು ಆರಿಸಿದೆವು. ನಕಲು ಮುಗಿಯುವುದಕ್ಕೆ ಎರಡು ಗಂಟೆಗೂ ಮೇಲೆ ಹಿಡಿಯಿತು. ಆಕೆ ಜಗುಲಿಯಲ್ಲಿಯೇ ಕುಳಿತಿದ್ದರು. ಕಡತವೊಂದನ್ನು ತೆರೆದು ಕೇಳಿಸಿದಾಗ, ಕಾಗೆ ಗುಬ್ಬಿಯ ಕಥೆಯನ್ನು ಹೇಳುವ ಆ ಧ್ವನಿಯನ್ನು ಅರ್ಧಕ್ಕೇ ನಿಲ್ಲಿಸಲು ಹೇಳಿ, ಮಿಕ್ಕದ್ದನ್ನು ಮನೆಯಲ್ಲಿ ಕೇಳುವೆನೆಂದು ಹೊರಟರು. ಡಿಸ್ಕನ್ನು ಹಿಂದಿನ ಸ್ಥಳದಲ್ಲಿಯೇ ಕೂರಿಸಿ, ಡ್ರೈವರನ್ನು ಕೊಟ್ಟು ವಿಂಡೋಸನ್ನು ಹಾಕಿದುದು ಮರುದಿನ. ಆ ಡಿಸ್ಕು ಈಗಲೂ ಕೆಲಸಮಾಡುತ್ತಿದೆ.

ಬಯಾಸಿನಲ್ಲಿಯೂ ಡಿಸ್ಕು ಕಾಣದಿದ್ದರೆ ಮಾತು ಬೇರೆ. ಆಗಲೂ ಕೂಡಲೇ ಆಸೆಬಿಡಬೇಕಾದುದಿಲ್ಲ. ಪ್ರಯಾಣದ ಕುಲುಕಾಟಕ್ಕೆ ಡಿಸ್ಕು ತನ್ನ ಗಾಡಿಯಿಂದ ಕೂದಲೆಳೆಯಷ್ಟು ಮೇಲೆದ್ದಿರಬಹುದು. ತಿಳಿದವರಿಂದ ವಿದ್ಯುತ್ತನ್ನು ಪೂರ್ತಿ ನಿಲ್ಲಿಸಿ, ಬಿಚ್ಚಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸದಾಗಿ ಕೊಂಡು ಹಾಕಿದ ಡಿಸ್ಕಾದರೆ ಜಾತಿಯನ್ನು ನೋಡಬೇಕು. ಎಂ.೨ ಎಂಬ ಚಪ್ಪಟೆ ಡಿಸ್ಕುಗಳಲ್ಲಿ ಸಾಟಾ ಎಂದೂ ಎನ್.ವಿ.ಎಂ.ಇ. ಎಂದೂ ಎರಡು ಬಗೆ. ಆಕಾರ ಒಂದೇ, ಮಾತು ಬೇರೆ. ಒಂದನ್ನು ಮಾತ್ರ ಒಪ್ಪುವ ಕಿಂಡಿಗೆ ಇನ್ನೊಂದನ್ನು ಹಾಕಿದರೆ ಅದು ಕೂರುತ್ತದೆ, ಕಾಣುವುದಿಲ್ಲ. ಅಂಗಡಿಗೆ ಹೋಗುವ ಮುಂಚೆ ಯಂತ್ರದ ಕೈಪಿಡಿಯಲ್ಲಿ ಈ ಒಂದು ಸಾಲನ್ನು ಓದಿಕೊಂಡರೆ ದುಡ್ಡು ಉಳಿಯುತ್ತದೆ.

ಡಿಸ್ಕು ಕಂಡರೂ ಅದರಲ್ಲಿ ಸ್ಥಾಪಿಸಲಾಗದು, ಎಂ.ಬಿ.ಆರ್. ಕೋಷ್ಟಕವಿದೆ ಎಂದು ವಿಂಡೋಸ್ ಹಟಹಿಡಿಯುವುದೂ ಉಂಟು. ಇದು ಕಾಣದಿರುವ ರೋಗವಲ್ಲ. ಡಿಸ್ಕಿನ ವಿಭಾಗಗಳ ಪಟ್ಟಿಯು ಹಳೆಯ ಪದ್ಧತಿಯದೆಂಬ ಆಕ್ಷೇಪಣೆ. ಜಿ.ಪಿ.ಟಿ. ಎಂಬ ಹೊಸ ಪದ್ಧತಿಗೆ ಬದಲಿಸಬೇಕು. ಇದಕ್ಕೆ ಡಿಸ್ಕ್‌ಪಾರ್ಟ್ ಎಂಬ ಉಪಕರಣದಲ್ಲಿ ಕ್ಲೀನ್ ಎಂದು ಬೆರಳಚ್ಚುಮಾಡುವಂತೆ ಕೆಲವರು ಹೇಳಿಕೊಡುತ್ತಾರೆ. ಆ ಪದವು ಕಸಗುಡಿಸುವ ಪೊರಕೆಯಂತೆ ಕೇಳಿಸಿದರೂ, ಆ ಪಟ್ಟಿಯನ್ನೇ ಅಳಿಸಿಹಾಕುತ್ತದೆ. ಒಮ್ಮೆ ಎಂಟರ್ ಒತ್ತಿದ ಮೇಲೆ ಖಚಿತವೇ ಎಂದು ಅದು ಎರಡನೆಯ ಸಲ ಕೇಳುವುದೂ ಇಲ್ಲ.